ಲೋಟದ ನೀರು

ಮಾರ್ಚ್ ೧೧, ಬುಧವಾರ

ಮೈಯೆಲ್ಲ ಉರೀತಿದೆ. ನಮ್ಮ ಕಂಪನಿಯ ಹೊಸ ಗಾಲಿಕುರ್ಚಿಯ ಮೋಟಾರು ನಿಧಾನಕ್ಕೆ ಹೊರಡುವಾಗ ಜಗ್ಗಿ ಜಗ್ಗಿ ಎಳೆಯುತ್ತೆ ಅಂತ ಮೂರು ವಾರದಿಂದ ಬಡ್ಕೊಳ್ತಿದ್ದೀನಿ. ಚಕ್ರ ಎಷ್ಟು ತಿರುಗಿದೆ ಅಂತ ಸೆನ್ಸರ್ ಕ್ಷಣಕ್ಷಣಕ್ಕೂ ಹೇಳಬೇಕು, ಅದನ್ನ ಕೇಳಿ ಮೋಟಾರು ತನ್ನ ಎಳೆತವನ್ನ ತಾನೇ ತಿದ್ದಿಕೊಳ್ಳಬೇಕು. ಆ ಕೆಲಸಕ್ಕೆ ಇನ್ನೊಂದು ತಿಂಗಳು ಕೇಳಿದ್ದೆ.

ನಾಳೆ ಆಸ್ಪತ್ರೆಯವರು ಕುರ್ಚಿ ನೋಡೋಕೆ ಬರ್ತಾರಂತೆ. ಅದಕ್ಕೆ ಮ್ಯಾನೇಜರ್ ಇವತ್ತು ಮೋಟಾರಿನ ತಂಟೆಗೇ ಹೋಗದೆ, ಕಂಪ್ಯೂಟರ್ ಪರದೆಯ ಮೇಲೆ ಅದರ ಎಳೆತ ತೋರಿಸುವ ಗೆರೆಯನ್ನ ನುಣುಪು ಮಾಡಿಸಿದ. ಮುಖ ತೊಳೆಯೋದು ಬಿಟ್ಟು ಕನ್ನಡಿ ಒರೆಸಿದ ಹಾಗೆ.

"ನೋಡಿ ಮೇಡಂ, ಬೆಣ್ಣೆ ಥರ ಇದೆ" ಅಂದ.

ನಾನು ಲೋಟದ ತುಂಬ ನೀರು ತಂದು ಕುರ್ಚಿಯ ಮೇಲಿಟ್ಟು ಗುಂಡಿ ಒತ್ತಿದೆ. ಪರದೆಯ ಮೇಲೆ ಗೆರೆ ನೆಟ್ಟಗೇ ಇತ್ತು, ನೀರು ಅವನ ಬೂಟಿನ ಮೇಲಿತ್ತು.

"ಲೋಟ ಅಷ್ಟು ತುಂಬಿಸಬಾರದಿತ್ತು" ಅಂದ ಪುಣ್ಯಾತ್ಮ.

ಈಗ ಮನೇಲಿ, ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿದ್ದಾರೆ. ಎರಡು ವರ್ಷದಿಂದ ಅವರು ಓಡಾಡೋದು ನಮ್ಮ ಕಂಪನಿಯದೇ, ಹೀಗೇ ಜಗ್ಗುವ ಹಳೇ ಕುರ್ಚಿಯಲ್ಲಿ. ಗುಂಡಿ ಒತ್ತೋ ಮುಂಚೆ ಪ್ರತಿ ಸಲ ಹಲ್ಲು ಕಚ್ಚಿ, ಬೆನ್ನು ಬಿಗಿಹಿಡಿದು ಕೂರ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ.

ಮೋಟಾರು ತಿದ್ದಿಕೊಳ್ಳಲಿಲ್ಲ. ಅಪ್ಪ ತಿದ್ದಿಕೊಂಡರು.