ಒಂದೇ ದೀವಿಹಲಸಿನ ಬುಡ

ಲಂಬಾಸ, ಫಿಜಿ

ಪ್ರೀತಿಯ ಲಿತಿಯಾ,

ಹಸುವನ್ನು ನಿನಗೆ ಬಿಟ್ಟುಹೋಗುವ ವಿಷಯವಷ್ಟೇ ಬರೆದು ಮುಗಿಸೋಣ ಎಂದಿದ್ದೆ; ಉಳಿದದ್ದನ್ನು ನುಂಗಿಕೊಳ್ಳಲಾಗಲಿಲ್ಲ. ಅಪ್ಪ ಹೆಚ್ಚು ದಿನ ಉಳಿಯುವುದಿಲ್ಲ. ಅಮ್ಮನನ್ನು ಸುಟ್ಟ ಹೊಳೆದಂಡೆಯಲ್ಲೇ ತಮ್ಮನ್ನೂ ಸುಡಬೇಕೆಂದು ಕೇಳುತ್ತಿದ್ದಾರೆ.

ನಮ್ಮ ಹೊಲದ ಗುತ್ತಿಗೆ ಮುಗಿದ ಮೇಲೆ ನಾವು ಹೊರಡಬೇಕು, ಆ ದಂಡೆ ಮತ್ತೆ ನಿಮ್ಮ ಕುಲದ್ದು. ನಿಮ್ಮ ರೂಢಿಯಂತೆ ಕಾವಾ ಬೇರಿನ ಕಟ್ಟು ಹಿಡಿದು, ದಂಡೆ ಕೇಳಲು ನಿನ್ನಣ್ಣ ವಿಲಿಯಾಮೆಯ ಮುಂದೆ ಕೂತೆ.

"ನಮ್ಮ ನೆಲ ನಮಗೆ ಬಿಡು ಶೀಲಾ. ನಿಮಗೆ ಇಂಡಿಯಾ ಇದೆಯಲ್ಲ," ಅಂದ.

"ಅಲ್ಲಿ ಯಾರ ಮನೆ ಬಾಗಿಲು ತಟ್ಟಲಿ, ಅಣ್ಣ?"

ಅವನು ಕಟ್ಟನ್ನು ಮುಟ್ಟಲಿಲ್ಲ. ಮುಟ್ಟಿದರೆ ಒಪ್ಪಿದಂತೆ; ಮುಟ್ಟದಿದ್ದರೆ ಏನರ್ಥವೆಂದು ನನಗೆ ಗೊತ್ತು. ಅವನ ಸಿಟ್ಟೂ ಸುಳ್ಳಲ್ಲ. ನಮ್ಮ ಮುತ್ತಜ್ಜನನ್ನು ಕಬ್ಬು ಕಡಿಯಲು ಹಡಗಿನಲ್ಲಿ ತಂದ ಬಿಳಿಯರು ನಿಮ್ಮವರನ್ನು ಕೇಳಿ ತಂದಿರಲಿಲ್ಲ.

ನಾವಿಬ್ಬರೂ ಹುಟ್ಟಿದಾಗ ನಿನ್ನಮ್ಮ ಇಬ್ಬರ ಹೊಕ್ಕುಳಬಳ್ಳಿಯನ್ನೂ ಒಟ್ಟಿಗೆ ಹೂತು, ಮೇಲೆ ದೀವಿಹಲಸಿನ ಸಸಿ ನೆಟ್ಟು, "ಇವಳೂ ಈ ನೆಲದವಳೇ" ಅಂದಿದ್ದರಂತೆ. ಅದನ್ನು ಅವನಿಗೆ ನೆನಪಿಸಲು ನನಗೆ ಬಾಯಿ ಬರಲಿಲ್ಲ. ನೀನು ಹೇಳುತ್ತೀಯಾ? ಒಂದು ಹಗಲಿಗೆ ದಂಡೆ ಬಿಟ್ಟುಕೊಟ್ಟರೆ ಸಾಕು.

ಹಸುವನ್ನು ಕಡಿಯಬೇಡಿ.

ನಿನ್ನ,
ಶೀಲಮತಿ

ಮನೆಯ ತಗಡು ಕಳಚಿ ಲಾರಿಗೆ ಹೇರಿದ ಮೇಲೆ ಇದನ್ನು ಅಂಚೆಗೆ ಹಾಕುತ್ತೇನೆ. ಆಗ ನೀನು ನನ್ನ ಮುಖ ನೋಡಿ ಇಲ್ಲ ಅನ್ನಬೇಕಾಗುವುದಿಲ್ಲ. ಇವತ್ತು ಗುತ್ತಿಗೆಯ ಕೊನೆಯ ದಿನ, ಡಿಸೆಂಬರ್ ಮೂವತ್ತೊಂದು.