ಅಂಬಾದಾಸನ ಬಲಗೈ

ನೌಪಾಡಾ, ಠಾಣೆ
20 ಜನವರಿ 2025

ಹೃಷಿಕೇಶ್,

'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ. ಬೈದು ಶುರು ಮಾಡುವುದೂ ಬೇಡ. ನಿನ್ನ ದವಡೆಗೆ ತಂತಿ ಹಾಕಿದ್ದಾರೆ, ಮೂರು ವಾರ ಗಂಜಿಯೇ ಗತಿ ಎಂದು ನಿನ್ನ ತಂಗಿ ಅಪರ್ಣಾ ಕಲ್ಯಾಣದ ಆಸ್ಪತ್ರೆಯಿಂದ ಫೋನ್ ಮಾಡಿದ್ದಳು. ನಿನ್ನನ್ನೂ ಡೊಂಬಿವಲಿಯ ಮನೆಯನ್ನೂ ಬಿಟ್ಟು ಬಂದು ಎಂಟು ತಿಂಗಳಾಯಿತು. ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು.

ಪೊಲೀಸರಿಗೆ ನೀನು ಕೊಟ್ಟ ದೂರನ್ನೂ ಅವಳೇ ಓದಿ ಹೇಳಿದಳು. ಗಾರೆ ಕೆಲಸದ ಅಂಬಾದಾಸ ನಿನ್ನ ದವಡೆ ಮುರಿದನಂತೆ. ಆರು ದಿನದಿಂದ ಅವನು ಒಳಗಿದ್ದಾನೆ. ಹೊಡೆದವಳು ನಾನು, ಅದು ನಿನಗೂ ಗೊತ್ತು.

ಬದಲಾಪುರದ ನಮ್ಮ ಸ್ಕೌಟ್ ಶಿಬಿರಕ್ಕೆ ಸ್ನಾನದ ಮನೆ, ಶೌಚಾಲಯ ಕಟ್ಟಲು ಅನುದಾನ ಕೊಟ್ಟವರದು ಒಂದೇ ಷರತ್ತು: ಗೋಡೆಗಳನ್ನು ಸ್ಕೌಟ್ ಬಳಗದವರೇ ಶ್ರಮದಾನದಿಂದ ಎಬ್ಬಿಸಬೇಕು. ಶಿಬಿರದ ಕಾರ್ಯದರ್ಶಿಯಾದ ನಿನಗೆ ಅವಸರ. ಕಲಬುರಗಿ ಕಡೆಯ ಆರು ಜನ ಕೂಲಿಯವರಿಂದ ಕಟ್ಟಿಸಿದೆ. ತಪಾಸಣೆಯ ದಿನ ಅವರ ಕೊರಳಿಗೇ ಸ್ಕಾರ್ಫ್ ಹಾಕಿಸಿದೆ. ಗಂಟು ಹಾಕಿದವಳು ಗೈಡ್ ಕ್ಯಾಪ್ಟನ್ ಆದ ನಾನೇ, ಅದನ್ನು ಮುಚ್ಚಿಡುವುದಿಲ್ಲ.

ಸ್ಕೌಟ್‌ಗಳು ಎಡಗೈ ಕುಲುಕುತ್ತಾರೆ ಎಂದು ಅವರಿಗೆ ಕಲಿಸಿಯೂ ಇದ್ದೆವು. ಅನುದಾನದವರ ಕಡೆಯಿಂದ ಬಂದ ಕಾಂಚನಾ ಮೇಡಂ ಎಡಗೈ ಚಾಚಿದರೆ ಅಂಬಾದಾಸ ಹಿಂದೆ ಸರಿದ. "ದೊಡ್ಡವರಿಗೆ ಎಡಗೈ ಹ್ಯಾಂಗ ಕೊಡೂದ್ರಿ" ಎಂದು ಬಲಗೈ ನೀಡಿದ. ಆಕೆಗೆ ಕನ್ನಡ ಬರುತ್ತದೆಂದು ನಮಗೇನು ಗೊತ್ತು? ಸಿಮೆಂಟು ತಿಂದ ಆ ಅಂಗೈ ನೋಡಿ ಏನು ಕೆಲಸ ಎಂದು ಕೇಳಿದರು. "ನಾ ಗೌಂಡಿ ಇದ್ದೀನ್ರಿ, ಈ ಗ್ವಾಡಿ ನಾವೇ ಆರ್ ಮಂದಿ ಕಟ್ಟೀವ್ರಿ" ಎಂದ, ಹೆಮ್ಮೆಯಿಂದ. ಆಕೆ ಫೈಲು ಮುಚ್ಚಿ ಹೊರಟರು.

ಅವರ ಕಾರು ಗೇಟು ದಾಟುವ ಮೊದಲೇ ನೀನು ಅವನನ್ನು ಹೊಸ ಗೋಡೆಯ ಹಿಂದಕ್ಕೆ ಎಳೆದುಕೊಂಡು ಹೋದೆ. ಅವನ ಬಲಗೈಯನ್ನು ಇಟ್ಟಿಗೆ ರಾಶಿಯ ಮೇಲಿಟ್ಟು, ಬೂಟುಗಾಲಿನಿಂದ ತೋಳು ಒತ್ತಿ ಹಿಡಿದು, ಸ್ಕೌಟ್ ಕೋಲಿನಿಂದ ಬಾರಿಸಿದೆ. "ಇದೇ ಕೈ ಅಲ್ವಾ ಕೊಟ್ಟಿದ್ದು?" ಎಂದು ಪ್ರತಿ ಏಟಿಗೂ ಕೇಳಿದೆ. ಬೆರಳು ಒಡೆದು ರಕ್ತ ಇಟ್ಟಿಗೆಗೆ ಇಳಿಯಿತು. ಮಣಿಕಟ್ಟು ಮುರಿದದ್ದು ನನಗೆ ಕೇಳಿಸಿತು. ಅವನು ಸಾಕ್ರಿ, ಸಾಕ್ರಿ ಎನ್ನುತ್ತಿದ್ದ.

ನಿನ್ನ ಆ ಮುಖ ನನಗೆ ಹೊಸದಲ್ಲ. ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ ನೀನು ಬೆಲ್ಟು ಬಿಚ್ಚುತ್ತಿದ್ದಾಗಲೂ ಅದೇ ಮುಖ. ನೀನು ಉಸಿರು ತೆಗೆದುಕೊಳ್ಳಲು ನಿಂತಾಗ ಕೋಲು ಕಿತ್ತುಕೊಂಡೆ. ಮೊದಲ ಏಟು ಅವನನ್ನು ಬಿಡಿಸಲು, ದವಡೆ ಹೋದದ್ದು ಅದಕ್ಕೆ. ಕೆಳಗೆ ಬಿದ್ದ ಮೇಲೆ ಪಕ್ಕೆಗೆ ಕೊಟ್ಟದ್ದು ನನ್ನ ಸಲುವಾಗಿ. ಪಶ್ಚಾತ್ತಾಪ ಎಂದು ಬರೆಯಬೇಕು, ಆದರೆ ಅದು ಸುಳ್ಳಾಗುತ್ತದೆ.

ಜನ ಓಡಿ ಬಂದಾಗ ಕೋಲು ಅಂಬಾದಾಸನ ಕೈಯಲ್ಲಿತ್ತು. ಅವನನ್ನೇ ಕೆಡವಿ ಒದ್ದರು. ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಗುವುದು ಅದಕ್ಕೆ.

ನಿನ್ನೆ ಅವನ ಹೆಂಡತಿ ಗುರಮ್ಮ ಕೋಪರಿಯಿಂದ ಬಂದು ನನ್ನ ಹೊಸ್ತಿಲಲ್ಲಿ ಕೂತಳು. ಜೈಲಿನೊಳಗೆ ಅವನ ಕೈಗೆ ಯಾರಾದರೂ ಪಟ್ಟಿ ಕಟ್ಟಿದ್ದಾರೆಯೇ ಎಂದಷ್ಟೇ ಕೇಳಿದಳು. ನಾಳೆ ಅವಳ ಜೊತೆ ಪೊಲೀಸ್ ಠಾಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳುತ್ತೇನೆ. ದೂರಿನಲ್ಲಿ ನನ್ನ ಹೆಸರು ಹೇಳದೆ ನನ್ನನ್ನು ಉಳಿಸಿದೆ ಎಂದು ನೀನು ಹೇಳಬಹುದು. ಹೆಂಡತಿಯಿಂದ ಹೊಡೆಸಿಕೊಂಡೆ ಎನ್ನಲು ನಿನಗೆ ನಾಚಿಕೆ, ಅಷ್ಟೇ.

ಇತಿ,
ವೇದಾ

ಮರೆತ ಮಾತು: ಮೂರನೆಯ ಏಟನ್ನು ನಿನ್ನ ತಲೆಗೆ ಎತ್ತಿದ್ದೆ. "ಸಾಯ್ತಾರ್ರೀ ಅಕ್ಕಾರ" ಎಂದು ಅಂಬಾದಾಸ ಎದ್ದು ಬಂದು ಎಡಗೈಯಿಂದ ಕೋಲು ಕಸಿದುಕೊಂಡ. ಅದು ಅವನ ಕೈ ಸೇರಿದ್ದು ಹಾಗೆ.