ಕೊನೆಯ ಎರಡು ಸಾಲು

ಬ್ಲ್ಯಾಕ್‌ಪೂಲ್,
ಭಾನುವಾರ, ೨೭ ಡಿಸೆಂಬರ್ ೧೯೬೪

ಪ್ರೀತಿಯ ಕ್ಲೆಮ್,

ಹೇಗಿದ್ದೀಯಪ್ಪಾ? ಬೆಲ್‌ಫಾಸ್ಟಿನ ಚಳಿಗೆ ನಿನ್ನ ಮೊಣಕಾಲು ಮತ್ತೆ ಹಿಡಿದುಕೊಂಡಿದೆ ಎಂದು ನಿನ್ನ ಹೆಂಡತಿ ನೂಆಲಾ ಕಾರ್ಡಿನಲ್ಲಿ ಬರೆದಿದ್ದಳು. ಬೆಚ್ಚಗೆ ಫ್ಲಾನಲ್ ಸುತ್ತಿಕೋ, ಗಂಡಸುತನ ತೋರಿಸಬೇಡ. ಅಂಗಡಿಯಲ್ಲಿ ಕ್ರಿಸ್ಮಸ್‌ಗೆ ಚಪ್ಪಲಿ, ಬೂಟು ಚೆನ್ನಾಗಿ ಹೋದವೆ? ನಾನು ಆರೋಗ್ಯವಾಗಿದ್ದೇನೆ, ನಿದ್ದೆಯೊಂದು ಬಿಟ್ಟು. ನಿನ್ನಣ್ಣ ವಿಲ್ಫ್ ಊಟ ಚೆನ್ನಾಗಿ ಮಾಡುತ್ತಾನೆ, ಬಣ್ಣವೂ ಚೆನ್ನಾಗಿದೆ. ನೋಡಿದವರು ಇವನಿಗೇನು ಧಾಡಿ ಎನ್ನಬೇಕು, ಹಾಗಿದ್ದಾನೆ. ನೀವಿಬ್ಬರೂ ಮಾತು ಬಿಟ್ಟಿದ್ದೀರಿ, ನನಗೆ ಗೊತ್ತು. ನಾನೇನೂ ಬಿಟ್ಟಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಮಕ್ಕಳಿಗಾಗಿ ಆಡುವ ನಮ್ಮ ಕ್ರಿಸ್ಮಸ್ ಹಾಸ್ಯನಾಟಕ ಪ್ಯಾಂಟೋದ ಮೊದಲ ಆಟವಿತ್ತು. ವಿಲ್ಫ್‌ಗೆ ಅರಮನೆಯ ಅಡುಗೆಯವಳ ಪಾತ್ರ: ಬಟ್ಟೆಯಂಗಡಿಯನ್ನೇ ಮೈಗೆ ಸುತ್ತಿಕೊಂಡಂಥ ಲಂಗ, ಎದೆಗೆ ಎರಡು ದಿಂಬು, ಕೆನ್ನೆಗೆ ಬೀಟ್‌ರೂಟ್ ಬಣ್ಣ. ಟೀವಿ ಕೈಬಿಟ್ಟ ಮೇಲೆ ಇದೇ ಅವನ ಮೊದಲ ದೊಡ್ಡ ವೇಷ. ಟೀವಿಯ ವಿಷಯ ನಿನಗೆ ಹೊಸದಾಗಿ ಹೇಳಬೇಕೆ? ನೀವಿಬ್ಬರೂ ಇಪ್ಪತ್ತು ವರ್ಷ ಊರೂರು ತಿರುಗಿ ಅದೇ ಕಾಲು ಗಂಟೆಯ ಹಾಸ್ಯದಲ್ಲಿ ಬದುಕಿದಿರಿ. ಬರ್ನ್‌ಲಿಯಲ್ಲಿ ನಕ್ಕವರು ಹಲ್ ಊರಿನವರಿಗೆ ಹೇಳಲಿಲ್ಲ, ಪ್ರತಿ ಊರಿಗೂ ಅದು ಹೊಸದೇ. ಟೀವಿಯವರು ಒಂದು ಮುಖ ಸಾಕೆಂದು ಅವನೊಬ್ಬನನ್ನೇ ಕರೆದರು, ಅವನು ಹೋದ. ಒಂದೇ ಭಾನುವಾರ ಇಡೀ ದೇಶ ಅದನ್ನು ನೋಡಿ ಮುಗಿಸಿತು. ಮುಂದಿನ ವಾರಕ್ಕೆ ಹೊಸದು, ಅದರ ಮುಂದಿನ ವಾರಕ್ಕೆ ಇನ್ನೂ ಹೊಸದು. ಮೂರು ವರ್ಷ ಮೆರೆಸಿದರು, ಆಮೇಲೆ ಹಿಂಡಿದ ನಿಂಬೆಯ ಹಾಗೆ ಆಚೆ ಇಟ್ಟರು. ಅವನು ಸಹಿ ಹಾಕಿದ ದಿನ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು "ನಾನು ಸತ್ರೂ ಇನ್ನು ನಿನ್ನ ಪಕ್ಕ ನಿಲ್ಲಲ್ಲ ಕಣೋ" ಅಂದೆ. ಆ ಕೋಪ ನ್ಯಾಯವಾದದ್ದೇ, ನಾನು ಇಲ್ಲವೆನ್ನುವುದಿಲ್ಲ.

ಈಗ ನನ್ನ ಭಯ ಕೇಳು. ಬೇಸಿಗೆಯಿಂದ ಅವನಿಗೆ ಮಾತು ಮರೆಯುತ್ತಿದೆ. ಎದುರಿನವರು ಒಂದು ಮಾತು ಆಡಿದರೆ ಅದರ ಬಾಲ ಹಿಡಿದು ಇವನದು ತಾನಾಗಿ ಬರುತ್ತದೆ. ಆದರೆ ಒಬ್ಬನೇ ನಿಂತು ಹೇಳಬೇಕಾದಾಗ ಮಂಜು ಕವಿದುಬಿಡುತ್ತದೆ. ಡಾಕ್ಟರ ಹತ್ತಿರ ಬರುವುದಿಲ್ಲ, "ನಾನೇನು ಮುದುಕನೇನೇ?" ಎಂದು ರೇಗುತ್ತಾನೆ. ಪ್ಯಾಂಟೋದಲ್ಲಿ ಎಲ್ಲ ಕಡೆ ಜೊತೆಗಾರರಿದ್ದಾರೆ, ಕೊನೆಯ ಎರಡು ಸಾಲು ಬಿಟ್ಟು. ಅಭ್ಯಾಸದಲ್ಲಿ ಹೇಳಿದರೆ ಆಟ ಕೆಡುತ್ತದೆಂಬ ನಂಬಿಕೆಯಿಂದ ನಮ್ಮ ನಾಟಕದವರು ಯಾರೂ ಮೊದಲ ಆಟಕ್ಕೆ ಮುಂಚೆ ಅವನ್ನು ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ಆ ಜಾಗ ಬಂದಾಗಲೆಲ್ಲ ವಿಲ್ಫ್ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗುತ್ತಿದ್ದ. "ಹಳೇ ಹುಲಿ ನೋಡ್ರೋ, ಸಂಪ್ರದಾಯ ಬಿಡಲ್ಲ" ಎಂದು ಹುಡುಗ ಹುಡುಗಿಯರಿಗೆಲ್ಲ ಹೆಮ್ಮೆ. ಅವನಿಗೆ ಆ ಸಾಲುಗಳು ಬರುತ್ತಲೇ ಇಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಮನೆಯಲ್ಲಿ ಹೇಳಿಕೊಡೋಣವೆಂದರೆ "ಬಾಯ್ಮುಚ್ಚೇ, ಕೆಟ್ಟದ್ದಾಗತ್ತೆ" ಅನ್ನುತ್ತಿದ್ದ. ಸಾಲದ್ದಕ್ಕೆ ನಿನ್ನೆ ಲಂಡನ್ನಿನಿಂದ ಟೀವಿಯವರ ಕಡೆಯ ಪೆಲ್ಲೋ ಎಂಬಾತ ಬಂದು ನಾಲ್ಕನೇ ಸಾಲಿನಲ್ಲಿ ಕೂತಿದ್ದ.

ಆಟ ಚೆನ್ನಾಗಿಯೇ ನಡೆಯಿತು. ಹಿಟ್ಟೆರಚಾಡುವ ಜಗಳಕ್ಕೆ ಮಕ್ಕಳು ಕುರ್ಚಿಯ ಮೇಲೆ ಹತ್ತಿದವು. ನಾನು ಪರದೆಯ ಪಕ್ಕದಲ್ಲಿ ಅವನ ಶಾಲು ಹಿಡಿದು ನಿಂತಿದ್ದೆ. ಕೊನೆಗೆ ನಮಸ್ಕಾರಕ್ಕೆ ಪಾತ್ರಧಾರಿಗಳೆಲ್ಲ ರಂಗದ ಮೆಟ್ಟಿಲಿಳಿದು ಬಂದರು, ವಿಲ್ಫ್ ಮುಂದೆ ಬಂದ, ವಾದ್ಯ ನಿಂತಿತು. "ಬಂದವರೆಲ್ಲ ಕ್ಷೇಮವಾಗಿ ಮನೆಗೆ ಹೋಗಿ ಮಲಗಿರಿ" ಅಂದ. ಅಷ್ಟೇ. ಮುಂದಿಲ್ಲ. ನಾನು ಪಿಸುಗುಟ್ಟಿದೆ, ಅವನಿಗೆ ಕೇಳಿಸಲಿಲ್ಲ. ಯಾವನೋ ಕೆಮ್ಮಿದ. ನನಗೆ ಆ ಮುಖವನ್ನು ನೋಡಲಾಗಲಿಲ್ಲ ಕ್ಲೆಮ್. ಆಗ ಅವನು ಎಡಕ್ಕೆ ತಿರುಗಿ, ನೀನು ನಿಲ್ಲುತ್ತಿದ್ದ ಜಾಗಕ್ಕೆ ಕೈಚಾಚಿ, "ಕ್ಲೆಮ್ಮೀ, ಮುಂದೇನೋ?" ಅಂದ.

ಮೊದಲು ನಕ್ಕದ್ದು ವಯಸ್ಸಾದವರು, ನಿಮ್ಮಿಬ್ಬರನ್ನೂ ನೋಡಿದ್ದವರು. ಮೇಲಿನ ಗ್ಯಾಲರಿಯಿಂದ ಒಬ್ಬ ಮುದುಕಿ "ಕ್ಲೆಮ್ಮು ಬಂದಿಲ್ಲ ಕಣಪ್ಪೋ, ನೀನೇ ಹೇಳು!" ಎಂದು ಕೂಗಿದಳು. ಥಿಯೇಟರು ಬಿದ್ದುಹೋಗುವಷ್ಟು ನಗು. ಇವನು ಕೈಚಾಚಿಕೊಂಡೇ ನಿಂತಿದ್ದ, ನಗು ಇನ್ನೂ ಏರಿತು. ಕಡೆಗೆ ರಾಜಕುಮಾರನ ವೇಷದ ಹುಡುಗಿ ಅವನ ಕೈ ಹಿಡಿದು "ನಕ್ಕಿದ್ದು ಸಾಲದಿದ್ದರೆ ನಾಳೆ ಮತ್ತೆ ಬನ್ನಿರಿ" ಎಂದು ಮುಗಿಸಿದಳು, ಪರದೆ ಬಿತ್ತು.

ಪೆಲ್ಲೋ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದ. "ಅಬ್ಬಾ, ಏನ್ ಧೈರ್ಯರೀ! ಅಷ್ಟು ಹೊತ್ತು ಸುಮ್ನೆ ನಿಲ್ಲೋಕೆ ಯಾರಿಂದಾಗತ್ತೆ?" ಅಂದ. ಅದನ್ನೇ ಜನವರಿಯ ಮೂರನೇ ಭಾನುವಾರ ಟೀವಿಯಲ್ಲಿ ನೇರ ಪ್ರಸಾರದಲ್ಲಿ ಮಾಡಬೇಕಂತೆ, ವಿಲ್ಫ್ ಒಬ್ಬನೇ, ಹನ್ನೆರಡು ನಿಮಿಷ. ಶುಕ್ರವಾರದೊಳಗೆ ಉತ್ತರ ಬೇಕಂತೆ. ವಿಲ್ಫ್ ಮಗುವಿನ ಹಾಗೆ ಹಿಗ್ಗಿ ತಲೆಯಾಡಿಸಿದ. ಒಪ್ಪಿದರೆ ಇಡೀ ದೇಶದ ಎದುರು ಅವನ ಬಣ್ಣ ಕಳಚುತ್ತದೆ. ಬೇಡವೆಂದರೆ ಇದೇ ಅವನ ಕೊನೆಯ ಅವಕಾಶ, ಅದನ್ನು ಕಿತ್ತುಕೊಂಡವಳು ನಾನಾಗುತ್ತೇನೆ. ಏನು ಮಾಡಲಿ, ನೀನೇ ಹೇಳು. ಈ ಕಸುಬಿನಲ್ಲಿ ಅವನನ್ನು ನಿನ್ನಷ್ಟು ಬಲ್ಲವರು ಇನ್ನಾರಿದ್ದಾರೆ?

ನೂಆಲಾಳಿಗೆ ನನ್ನ ಅಪ್ಪುಗೆ. ದೇವರು ನಿಮ್ಮಿಬ್ಬರನ್ನೂ ಹೊಸ ವರ್ಷದಲ್ಲಿ ತಣ್ಣಗಿಟ್ಟಿರಲಿ.

ನಿನ್ನ ಅತ್ತಿಗೆ,
ಎನಿಡ್

ಮ.ವಿ.: ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಅವನು ತಮಾಷೆಗೆ ಕೂಗಲಿಲ್ಲ, ಪೇಚಿಗೆ ಸಿಕ್ಕಿಯೂ ಕೂಗಲಿಲ್ಲ. ನೀನು ಅಲ್ಲಿದ್ದೀಯೆಂದೇ ಕೂಗಿದ. ವೇಷ ತೆಗೆಯುವಾಗ "ಕ್ಲೆಮ್ ಯಾಕೆ ನನ್ನ ಬಿಟ್ಟು ಮೊದಲೇ ಮನೆಗೆ ಹೋದ? ಏನಾದ್ರೂ ಬೇಜಾರಾ ಅವನಿಗೆ?" ಎಂದು ಕೇಳಿದ. ಜಗಳ ಅವನ ತಲೆಯಿಂದ ಅಳಿಸಿಹೋಗಿದೆ ಕ್ಲೆಮ್, ನೀನೊಬ್ಬ ಉಳಿದಿದ್ದೀಯ. ಬೇಜಾರೇನಿಲ್ಲ, ಬೆಲ್‌ಫಾಸ್ಟಿಗೆ ಹೋಗಿದ್ದಾನೆ, ಗುರುವಾರದ ಹಡಗಿಗೆ ವಾಪಸ್ ಬರುತ್ತಾನೆ ಅಂದುಬಿಟ್ಟೆ. ಕರೆದುಕೊಂಡು ಬರಲು ಬಂದರಿಗೆ ತಾನೇ ಹೋಗುತ್ತಾನಂತೆ. ಅವನನ್ನು ತಡೆಯುವುದು ನನ್ನಿಂದಾಗುವುದಿಲ್ಲ.